ಶಾಲೆಯ ಹಬ್ಬವೂ ಪಾಲಕರ ಪಾಳಿಯೂ

ಕಳೆದ ವರ್ಷ ಅಕ್ಟೋಬರ ತಿಂಗಳ ಕೊನೆಗೆ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಚಹಾದಂಗಡಿಯಲ್ಲಿ ಕಾರ್ಮಿಕ ಮಿತ್ರರೊಬ್ಬರು ತಮ್ಮ ಫೋನಿಗೆ ಬಂದ ಸೂಚನೆಯನ್ನು ತೋರಿಸಿದರು. ಮಗಳ ಶಾಲೆಯಿಂದ ಬಂದದ್ದು. 31ರ ಸಂಜೆ ಹ್ಯಾಲೋವೀನ್ ಕುಟುಂಬ ಸಮ್ಮೇಳನ. ಮಕ್ಕಳು ದೆವ್ವದ ಸೋಗಿನಲ್ಲಿ ಬರಬೇಕು. ತಾಯಿ-ತಂದೆ ಇಬ್ಬರೂ ತಪ್ಪದೆ ಬರಬೇಕು.

"ಮಾಸ್ತರ, ನಂದು ಎರಡನೇ ಪಾಳಿ. ಹೋದ್ರ ಒಂದಿನದ ಪಗಾರ ಹೋಗ್ತೈತಿ, ಹೋಗದಿದ್ರ ಮಗಳ ಮಾರಿ ನೋಡಾಕಾಗೂದಿಲ್ಲ" ಎಂದರು. ಕೊನೆಗೆ ಸಾಲ ಮಾಡಿ ಸೋಗು ಕೊಡಿಸಿದರು. ಮಗಳು ನೆರೆಮನೆಯವರ ಜೊತೆಗೆ ಹೋಗಿ ಬಂದಳು.

'ಪರದೇಶದ ಹಬ್ಬ ನಮಗೇಕೆ?' ಎಂದು ಕೆಲವರು ಕೇಳುವರು. ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹ್ಯಾಲೋವೀನ್ ಹುಟ್ಟಿನಿಂದ ಸಿರಿವಂತರ ಹಬ್ಬವಲ್ಲ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ರಾತ್ರಿ ಐರ್ಲಂಡ, ಸ್ಕಾಟ್ಲಂಡಗಳ ರೈತಾಪಿ ಜನ ಅದನ್ನು ಆಚರಿಸುತ್ತಿದ್ದರು. 1845ರಲ್ಲಿ ಐರ್ಲಂಡದ ಬಟಾಟೆ ಬೆಳೆಗೆ ರೋಗ ತಗುಲಿ ಬರ ಬಿದ್ದಾಗ ಹೊಟ್ಟೆಗಿಲ್ಲದೆ ಲಕ್ಷಗಟ್ಟಲೆ ಜನ ಅಮೇರಿಕೆಯ ಹಡಗು ಹತ್ತಿದರು. ಹಬ್ಬವೂ ಅವರ ಜೊತೆಗೆ ಹೋಯಿತು. ಗಡ್ಡೆ ಕೊರೆದು ದೀಪವಿಡುತ್ತಿದ್ದವರು ಅಲ್ಲಿ ಕುಂಬಳಕಾಯಿ ಕೊರೆದರು. ಅಂಗಡಿಯ ಸೋಗು, ಪೊಟ್ಟಣದ ಮಿಠಾಯಿ ಬಂದದ್ದು ಆಮೇಲೆ. ನಮ್ಮಲ್ಲಿಯೂ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಹೆಣ್ಣುಮಕ್ಕಳು ಮನೆಮನೆಗೆ ಬಂದಾಗ ಕಾಳು ನೀಡುವದಿಲ್ಲವೇ? ಹೋಳಿಯಲ್ಲಿ, ಮೊಹರಮ್ಮಿನಲ್ಲಿ ಹುಡುಗರು ಸೋಗು ಹಾಕುವದಿಲ್ಲವೇ?

ಆದುದರಿಂದ ಜಗಳ ದೆವ್ವದ ಮೇಲಲ್ಲ. ಹಬ್ಬ ಯಾವ ದಿನ, ಯಾರ ಖರ್ಚಿನಲ್ಲಿ ಎಂಬದೇ ಪ್ರಶ್ನೆ. ಮನೆಯವರನ್ನೆಲ್ಲ ಶಾಲೆಗೆ ಕರೆಯುವದು ಒಳ್ಳೆಯದೇ. ನಾನು ಮಾಸ್ತರನಾಗಿದ್ದಾಗ ಗ್ಯಾದರಿಂಗಿನ ದಿನ ಮಕ್ಕಳು ಪಡದೆಯ ಹಿಂದಿನಿಂದ ಇಣುಕುವದನ್ನು ಕಂಡಿದ್ದೇನೆ. ಅವು ಹುಡುಕುವದು ಅಧ್ಯಕ್ಷರನ್ನಲ್ಲ, ಅಪ್ಪನನ್ನು.

31ರ ಮರುದಿನವೇ ನವೆಂಬರ 1. 1956ರಲ್ಲಿ ನಮ್ಮ ನಾಡು ಒಂದಾದ ದಿನ. 1963ರ ಕೈಗಾರಿಕಾ ಸಂಸ್ಥೆಗಳ ರಜೆ ಕಾಯದೆಯಂತೆ ಕಾರ್ಖಾನೆಯವರು ಅಂದು ಪಗಾರ ಸಹಿತ ರಜೆ ಕೊಡಲೇಬೇಕು. ಕೆಲಸಕ್ಕೆ ಕರೆದರೆ ಇಮ್ಮಡಿ ಪಗಾರ, ಇಲ್ಲವೇ ಪಗಾರದೊಂದಿಗೆ ಬದಲಿ ರಜೆ ಕೊಡಬೇಕು. ಒಂದು ದಿನ ಮುಂದೆ ಸರಿಸಿದರೆ ಎಷ್ಟೋ ತಂದೆ-ತಾಯಂದಿರು ಪಗಾರ ಕಳೆದುಕೊಳ್ಳದೆ ಮಕ್ಕಳ ಮುಂದೆ ಕುಳಿತಾರು! ಧ್ವಜ ಹಾರಿಸಿದ ಮೇಲೆ ಬೆಳಿಗ್ಗೆಯೇ ಇಟ್ಟರೆ ಸಣ್ಣ ವ್ಯಾಪಾರಿಯೂ ಬಂದು ಹೋಗಿ ಅಂಗಡಿ ತೆರೆಯಬಹುದು.

ಖರ್ಚಿನ ಮಾತು. ಸೋಗು ಮನೆಯಲ್ಲಿಯೇ ಆಗಲಿ; ಹಳೆಯ ಸೀರೆ, ದರ್ಜಿಯ ಅಂಗಡಿಯ ತುಂಡು ಬಟ್ಟೆ, ರಟ್ಟು ಸಾಕು. ಚುರುಮರಿ, ಮಿರ್ಚಿಗಳನ್ನು ಓಣಿಯ ಅಂಗಡಿಯಿಂದಲೇ ತರಲಿ. ವರ್ಗಣಿ ಎತ್ತುವದಾದರೆ ಮುಚ್ಚಿದ ಡಬ್ಬಿಯಲ್ಲಿ ಎತ್ತಲಿ. ಕೊಡಲಾರದವರ ಹೆಸರನ್ನು ವರ್ಗದಲ್ಲಿ ಓದುವದು ಬೇಡ.

ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಶಿಕ್ಷಣ ಹಕ್ಕಿನ ಕಾಯದೆ ಹೇಳುತ್ತದೆ. ಅಲ್ಲಿ ಕುಳಿತವರು ಈ ಮಾತನ್ನು ಎತ್ತಬೇಕು. ಖಾಸಗಿ ಶಾಲೆಯಾದರೆ ಒಬ್ಬರೇ ಹೋಗಬೇಡಿರಿ, ಹತ್ತು ಜನ ಪಾಲಕರು ಕೂಡಿ ಹೋಗಿರಿ. ದೆವ್ವಕ್ಕೆ ಅಂಜದ ನಮ್ಮ ಮಕ್ಕಳು ಖಾಲಿ ಕುರ್ಚಿಗೆ ಅಂಜುತ್ತಾರೆ. ಆ ಕುರ್ಚಿ ತುಂಬುವಂತೆ ಮಾಡುವದು ನಮ್ಮ ಕೈಯಲ್ಲಿದೆ.