ಎಷ್ಟು ಕೊಡಲಿ ಎಂದು ಕೇಳಬಾರದು

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಎಲ್ಲದಕ್ಕೂ ಲೆಕ್ಕವಿದೆ. ಮನೆಸಾಲದ ಬಡ್ಡಿ ಎಷ್ಟು, ಮಕ್ಕಳ ಕಾಲೇಜಿಗೆ ಎಷ್ಟು ಕೂಡಿತು, ಬೆಂಗಳೂರಿನ ಟಿಕೆಟ್ ಯಾವ ತಿಂಗಳಲ್ಲಿ ಅಗ್ಗ, ಎಲ್ಲ ನಾಲಿಗೆಯ ತುದಿಯಲ್ಲಿರುತ್ತದೆ. ಶನಿವಾರ ರಾತ್ರಿ ನಾಲ್ಕು ಗಂಟೆ ಹೊತ್ತು ತಮ್ಮ ಮಗುವನ್ನು ನೋಡಿಕೊಂಡ ಪಕ್ಕದ ಬೀದಿಯ ಹದಿನೈದರ ಹುಡುಗಿಗೆ ಎಷ್ಟು ಕೊಡಬೇಕು ಎಂದಾಗ ಮಾತ್ರ ಲೆಕ್ಕ ತಡವರಿಸುತ್ತದೆ. ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಪರ್ಸಿನೊಳಗೆ ನೋಡುತ್ತಾಳೆ. ಕೊನೆಗೆ ಹುಡುಗಿಯನ್ನೇ ಕೇಳುತ್ತಾರೆ: "ಎಷ್ಟು ಕೊಡಲಿ ಪುಟ್ಟಾ?" ಅವಳು "ಪರವಾಗಿಲ್ಲ ಆಂಟಿ, ಎಷ್ಟಾದರೂ ಸರಿ" ಎನ್ನುತ್ತಾಳೆ. ದೊಡ್ಡವರಿಗೆ ಎದೆ ಹಗುರಾಗುತ್ತದೆ. ಅನ್ಯಾಯ ನಡೆಯುವುದು ಆ ಗಳಿಗೆಯಲ್ಲೇ ಎಂಬುದು ನನ್ನ ವಾದ. ಕೊಟ್ಟ ಮೊತ್ತ ಕಡಿಮೆಯಾಯಿತೇ ಹೆಚ್ಚಾಯಿತೇ ಎಂಬುದು ಆಮೇಲಿನ ಮಾತು. ದರ ಹೇಳುವ ಹೊರೆಯನ್ನು, ಅದನ್ನು ಹೊರಲಾರದವಳ ತಲೆಗೆ ಹೊರಿಸಿದ್ದೇ ಮೊದಲ ತಪ್ಪು.

ಕಾನೂನು ಈ ವಿಷಯದಲ್ಲಿ ಹೆಚ್ಚುಕಡಿಮೆ ಕೈತೊಳೆದುಕೊಂಡಿದೆ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಅಮೆರಿಕದ ಕೆಲಸಗಾರರಿಗೆ ಕನಿಷ್ಠ ವೇತನ ತಂದುಕೊಟ್ಟಿತು; ಮನೆಗೆಲಸದವರು ಅದರೊಳಗೆ ಸೇರಲು 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅವರನ್ನು ಸೇರಿಸಿಕೊಂಡಾಗಲೂ, ಆಗೊಮ್ಮೆ ಈಗೊಮ್ಮೆ ಬಂದು ಮಗು ನೋಡಿಕೊಳ್ಳುವವರನ್ನು ಹೊರಗೇ ನಿಲ್ಲಿಸಿದರು. ಒಳಗೆ ಬಿಟ್ಟುಕೊಂಡಿದ್ದರೂ ಸಿಗುತ್ತಿದ್ದುದು 2009ರಿಂದ ಅಲುಗಾಡದ ಗಂಟೆಗೆ 7.25 ಡಾಲರ್. 2025ರಲ್ಲಿ ನ್ಯೂಜೆರ್ಸಿ ತನ್ನ ಸಾಮಾನ್ಯ ಕೆಲಸಗಾರರಿಗೆ ಗೊತ್ತುಮಾಡಿದ ಕನಿಷ್ಠ ದರ 15.49 ಡಾಲರ್, ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಕಾಲಿಟ್ಟರೆ ಅದೇ 7.25. ಮಕ್ಕಳು ಎರಡೂ ದಡದಲ್ಲಿ ಒಂದೇ ಥರ ಅಳುತ್ತವೆ. ಮಗು ನೋಡಿಕೊಳ್ಳುವವಳನ್ನು ಹೊರಗಿಟ್ಟ ಆ ನಿಯಮಾವಳಿಯಲ್ಲಿ ಒಂದು ಷರತ್ತು ಮಾತ್ರ ನನಗೆ ಬಹಳ ಇಷ್ಟ. ಮಗುವಿಗೆ ಸಂಬಂಧಿಸದ ಮನೆಗೆಲಸ ಅವಳು ಅಲ್ಲಿ ಕಳೆದ ಹೊತ್ತಿನ ಶೇ. 20ನ್ನು ಮೀರಿದರೆ ಈ ವಿನಾಯಿತಿ ಸಿಗುವುದಿಲ್ಲ. "ಹೇಗೂ ಮಗು ಮಲಗಿರುತ್ತಲ್ಲ, ಸಿಂಕಿನಲ್ಲಿರೋ ನಾಲ್ಕು ಪಾತ್ರೆ ತೊಳೆದುಬಿಡು" ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಆ ಷರತ್ತನ್ನು ಬರೆದವರು ಚಿಕ್ಕಂದಿನಲ್ಲಿ ಯಾರದೋ ಮನೆಯ ಪಾತ್ರೆ ತೊಳೆದಿರಬೇಕು.

ಕಾನೂನು ಹೇಳದಿದ್ದರೇನು, ಮಾರುಕಟ್ಟೆ ಹೇಳುತ್ತದಲ್ಲ ಎನ್ನಬಹುದು. ನಾಲ್ಕು ಮನೆ ವಿಚಾರಿಸಿ, ಅವರು ಕೊಡುವಷ್ಟು ಕೊಟ್ಟರಾಯಿತು. ವಿಚಾರಿಸುವುದು ತಪ್ಪಲ್ಲ. ಆದರೆ ಮಾರುಕಟ್ಟೆಯ ದರಕ್ಕೆ ನ್ಯಾಯದ ಬಲ ಬರುವುದು ಎರಡೂ ಕಡೆಯವರು ಚೌಕಾಸಿ ಮಾಡಬಲ್ಲವರಾದಾಗ. ಇಲ್ಲಿ ಒಬ್ಬರು ನಲವತ್ತು ದಾಟಿದವರು, ಆಫೀಸಿನಲ್ಲಿ ಪ್ರತಿವರ್ಷ ಸಂಬಳಕ್ಕೆ ವಾದಿಸಿ ಪಳಗಿದವರು. ಇನ್ನೊಬ್ಬಳು ಅವರನ್ನು ಆಂಟಿ ಎಂದು ಕರೆಯುವವಳು, ಹಬ್ಬಕ್ಕೆ ಅವರ ಮನೆಯಲ್ಲಿ ಹೋಳಿಗೆ ತಿಂದವಳು. ಸಮಾಜಶಾಸ್ತ್ರಜ್ಞೆ ಯಾಸೆಮಿನ್ ಬೆಸೆನ್-ಕ್ಯಾಸಿನೊ ಅಮೆರಿಕದ ಹದಿಹರೆಯದವರ ದುಡಿಮೆಯ ಬಗ್ಗೆ 2017ರಲ್ಲಿ ಒಂದು ಪುಸ್ತಕ ತಂದರು. ಹನ್ನೆರಡು ಹದಿಮೂರರಲ್ಲಿ ಹುಡುಗ ಹುಡುಗಿಯರ ಗಳಿಕೆ ಸಮವಾಗಿದ್ದು, ಹದಿನಾಲ್ಕು ಹದಿನೈದರಲ್ಲೇ ಹುಡುಗಿಯರು ಹಿಂದೆ ಬೀಳತೊಡಗುತ್ತಾರೆ ಎಂದು ಅವರು ತೋರಿಸಿದ್ದಾರೆ. ಮಗು ನೋಡಿಕೊಳ್ಳುವ ಹುಡುಗಿಗೆ ಕೆಲಸ ಬೆಳೆಯುತ್ತಾ ಹೋಗುತ್ತದೆ, ದರ ಬೆಳೆಯುವುದಿಲ್ಲ. ಹೆಚ್ಚು ಕೇಳಿದಳೋ, ಮಗುವಿನ ಮೇಲೆ ಪ್ರೀತಿಯಿಲ್ಲದವಳು ಎನಿಸಿಕೊಳ್ಳುತ್ತಾಳೆ. ಹುಲ್ಲು ಕತ್ತರಿಸಲು ಬರುವ ಹುಡುಗನನ್ನು "ನಿನಗೆ ನಮ್ಮ ಹುಲ್ಲಿನ ಮೇಲೆ ಅಕ್ಕರೆ ಇದೆಯೇ" ಎಂದು ಯಾರೂ ಕೇಳುವುದಿಲ್ಲ.

ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ 'ವೆಲ್ತ್ ಆಫ್ ನೇಷನ್ಸ್' ಗ್ರಂಥದಲ್ಲಿ, ಒಂದು ಕಸುಬಿಗೆ ಇನ್ನೊಂದಕ್ಕಿಂತ ಕೂಲಿ ಹೆಚ್ಚಾಗಲು ಐದು ಕಾರಣ ಕೊಡುತ್ತಾನೆ. ಅದರಲ್ಲೊಂದು ನಂಬಿಕೆ. ಅಕ್ಕಸಾಲಿಗನಿಗೆ ಅವನಷ್ಟೇ, ಅವನಿಗಿಂತ ಹೆಚ್ಚೇ ಕೈಚಳಕವಿರುವ ಬೇರೆ ಕುಶಲಕರ್ಮಿಗಳಿಗಿಂತ ಕೂಲಿ ಜಾಸ್ತಿ. ಏಕೆಂದರೆ ಅವನ ಕೈಯಲ್ಲಿ ಬಿಡುವ ವಸ್ತು ಬೆಲೆಬಾಳುವಂಥದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕಟ್ಟಿದ ನಮಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾದರೆ ಮಗುವನ್ನು ಒಪ್ಪಿಸಿಕೊಂಡವಳಿಗೆ ಅಕ್ಕಸಾಲಿಗನಿಗಿಂತ ಹೆಚ್ಚು ಸಿಗಬೇಕಿತ್ತು. ಸಿಗುವುದಿಲ್ಲ. ಅಮೆರಿಕದ ನ್ಯಾನ್ಸಿ ಫೋಲ್ಬ್ರೆಯಂಥ ಅರ್ಥಶಾಸ್ತ್ರಜ್ಞರು ಇದನ್ನೇ ಬಹುಕಾಲದಿಂದ ಹೇಳುತ್ತಿದ್ದಾರೆ: ಇನ್ನೊಬ್ಬರ ಆರೈಕೆಯ ಕೆಲಸಕ್ಕೆ, ಅಷ್ಟೇ ಕಲಿಕೆ ಬೇಡುವ ಬೇರೆ ಕೆಲಸಗಳಿಗಿಂತ ಕೂಲಿ ಕಡಿಮೆ. ಕಾರಣಗಳು ಹಲವು, ಅವುಗಳ ಬಗ್ಗೆ ಜಗಳವೂ ಇದೆ. ನನಗೆ ಹೊಳೆಯುವ ಕಾರಣ ಸರಳ. ಆ ಕೆಲಸ ಮನೆಯೊಳಗೆ ಬಿಟ್ಟಿಯಾಗಿ ನಡೆಯುತ್ತಾ ಬಂದಿದೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಕಟ್ಟಲು ಕೈ ಬರುವುದಿಲ್ಲ. ವಲಸೆ ಹೋದ ಕನ್ನಡಿಗರ ಮನೆಯಲ್ಲಿ ಇದು ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಬಾಣಂತನಕ್ಕೆಂದು ವಿಜಿಟರ್ ವೀಸಾದಲ್ಲಿ ಬಂದ ಅಜ್ಜಿ ಆರು ತಿಂಗಳು ಹಗಲು ರಾತ್ರಿ ಮಗುವನ್ನು ಎತ್ತಿಕೊಂಡೇ ಇರುತ್ತಾಳೆ. ಒಬ್ಬ ಅಜ್ಜಿಯ ಅವಧಿ ಮುಗಿಯುವಾಗ ಇನ್ನೊಬ್ಬ ಅಜ್ಜಿ ವಿಮಾನ ಹತ್ತುತ್ತಾಳೆ. ಇಬ್ಬರೂ ಊರಿಗೆ ಮರಳಿದ ಮೇಲೆ ಆ ಜಾಗಕ್ಕೆ ಹದಿನೈದರ ಹುಡುಗಿ ಬಂದಾಗ, ಮನಸ್ಸಿನ ಲೆಕ್ಕ ಶುರುವಾಗುವುದು ಸೊನ್ನೆಯಿಂದ. ಆಮೇಲೆ ಹತ್ತು ಡಾಲರ್ ಕೊಟ್ಟರೂ ಧಾರಾಳವಾಗಿ ಕೊಟ್ಟೆವು ಅನ್ನಿಸುತ್ತದೆ.

ದುಡ್ಡು ಕೊಟ್ಟರೆ ಸಂಬಂಧ ಕೆಡುತ್ತದೆ, ಅದರ ಬದಲು ಹುಟ್ಟುಹಬ್ಬಕ್ಕೆ ಏನಾದರೂ ಕೊಡೋಣ, ಗಿಫ್ಟ್ ಕಾರ್ಡ್ ಕೊಡೋಣ ಎಂಬ ಮಾತೂ ಇದೆ. ಇದರಲ್ಲಿ ಹುರುಳಿಲ್ಲದಿಲ್ಲ. ಯೂರಿ ನೀಝಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಸ್ಕೂಲು ಮಕ್ಕಳನ್ನು ಮನೆಮನೆಗೆ ಕಳಿಸಿ ದಾನ ಸಂಗ್ರಹಿಸುವ ಪ್ರಯೋಗವೊಂದನ್ನು ಮಾಡಿ 2000ದಲ್ಲಿ ಪ್ರಕಟಿಸಿದರು. ಬರೀ ಒಳ್ಳೆಯ ಮಾತು ಹೇಳಿ ಕಳಿಸಿದ ಮಕ್ಕಳು ಎಲ್ಲರಿಗಿಂತ ಹೆಚ್ಚು ತಂದರು. ಸಂಗ್ರಹದಲ್ಲಿ ಶೇ. 1 ಪಾಲು ಕೊಡುತ್ತೇವೆ ಎಂದಾಗ ಎಲ್ಲರಿಗಿಂತ ಕಡಿಮೆ ತಂದರು. ಶೇ. 10 ಎಂದಾಗ ಶೇ. 1ರವರಿಗಿಂತ ಮೇಲೆದ್ದರು, ಆದರೂ ಬಿಟ್ಟಿ ಮಕ್ಕಳ ಮಟ್ಟ ಮುಟ್ಟಲಿಲ್ಲ. ಇದನ್ನು ಓದಿ ಏನೂ ಕೊಡದಿರುವುದೇ ಮೇಲು ಎಂದು ಕುಣಿಯಬೇಕಿಲ್ಲ. ಅಲ್ಲಿನ ಮಕ್ಕಳು ದುಡಿದದ್ದು ಧರ್ಮಕಾರ್ಯಕ್ಕೆ; ನಮ್ಮ ಹುಡುಗಿ ಕೂರುವುದು ನಾವು ಸಿನಿಮಾಕ್ಕೋ ಯಾರದೋ ಮದುವೆಯ ವಾರ್ಷಿಕೋತ್ಸವದ ಊಟಕ್ಕೋ ಹೋಗಲೆಂದು. ಅದು ದಾನವಲ್ಲ, ನಮ್ಮ ಅನುಕೂಲ. ಆ ಪ್ರಯೋಗದಿಂದ ನಾನು ಎತ್ತಿಕೊಳ್ಳುವುದು ಇಷ್ಟೇ: ಅರೆಮನಸ್ಸಿನ ಕಾಸು ಉಪಕಾರವನ್ನೂ ಕೆಡಿಸುತ್ತದೆ, ಕೂಲಿಯೂ ಆಗುವುದಿಲ್ಲ. ಉಪಕಾರ ಬೇಕಿದ್ದರೆ ಉಪಕಾರವೆಂದೇ ಕೇಳಿ, ಆ ಋಣ ಇಟ್ಟುಕೊಂಡು, ಅವಳಿಗೆ ಗಣಿತ ಹೇಳಿಕೊಟ್ಟೋ ಕಾರು ಓಡಿಸಲು ಕಲಿಸಿಯೋ ತೀರಿಸಿ. ಕೆಲಸ ಬೇಕಿದ್ದರೆ ಕೆಲಸದ ದರ ಹೇಳಿ.

ಋಣವನ್ನೇ ನಾಣ್ಯ ಮಾಡಿಕೊಂಡವರೂ ಇದ್ದರು. ವಾಷಿಂಗ್ಟನ್‌ನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ದಂಪತಿಗಳು ಸೇರಿ, ಅರ್ಧ ಗಂಟೆಗೆ ಒಂದು ಚೀಟಿಯಂತೆ ಪರಸ್ಪರರ ಮಕ್ಕಳನ್ನು ನೋಡಿಕೊಳ್ಳುವ ಸಹಕಾರ ಸಂಘ ನಡೆಸುತ್ತಿದ್ದರು. ಎಲ್ಲರೂ ಚೀಟಿ ಕೂಡಿಡತೊಡಗಿ ಹೊರಗೆ ಹೋಗುವವರೇ ಇಲ್ಲದಂತಾದ ಕಥೆಯನ್ನು ಸ್ವೀನಿ ಎಂಬ ದಂಪತಿ 1977ರಲ್ಲಿ ಬರೆದರು. ಅರ್ಥಶಾಸ್ತ್ರಜ್ಞ ಪಾಲ್ ಕ್ರೂಗ್ಮನ್ ಅದನ್ನು ಆರ್ಥಿಕ ಹಿಂಜರಿತದ ಪಾಠಕ್ಕೆ ಬಳಸಿ ಪ್ರಸಿದ್ಧಗೊಳಿಸಿದರು. ನನ್ನ ಕಣ್ಣಿಗೆ ಬೀಳುವುದು ಬೇರೆ. ವಕೀಲರಾಗಲಿ ಗುಮಾಸ್ತರಾಗಲಿ, ಅಲ್ಲಿ ಒಬ್ಬರ ಗಂಟೆ ಇನ್ನೊಬ್ಬರ ಗಂಟೆಗೆ ಸಮವಾಗಿತ್ತು. ತಮ್ಮತಮ್ಮೊಳಗೆ ದೊಡ್ಡವರು ಹೊತ್ತನ್ನು ಹೀಗೆ ಅಳೆಯಬಲ್ಲರು. ಹುಡುಗಿಯ ಹೊತ್ತಿಗೆ ಬಂದಾಗ ಮಾತ್ರ "ಅವಳಿಗೇನು ಖರ್ಚು" ಎಂಬ ಅಳತೆಗೋಲು ಹೊರಬರುತ್ತದೆ. ಕೂಲಿಯನ್ನು ಮಾಡಿದ ಕೆಲಸದಿಂದ ಅಳೆಯಬೇಕು. ಅವಳ ಖರ್ಚಿನಿಂದ ಅಳೆಯುವುದು ಭಿಕ್ಷೆಯ ರೀತಿ.

ಇಷ್ಟು ಹೇಳಿ ಕರ್ನಾಟಕದ ಕಡೆ ತಿರುಗಿ ನೋಡದೆ ಹೋದರೆ ವಾದ ಅರ್ಧವಾಗುತ್ತದೆ. ಇದೇ ವಯಸ್ಸಿನ ಹುಡುಗಿಯರು ಇದೇ ಕೆಲಸವನ್ನು ನಮ್ಮ ಊರುಗಳಲ್ಲಿ ಮಾಡುತ್ತಾ ಬಂದಿದ್ದಾರೆ. ಮಗು ಆಡಿಸಲೆಂದು ಹಳ್ಳಿಯಿಂದ ಕರೆತಂದ ಹುಡುಗಿ ಮನೆಯಲ್ಲೇ ಉಳಿಯುತ್ತಿದ್ದಳು. ಊಟ, ಹಬ್ಬಕ್ಕೊಂದು ಬಟ್ಟೆ, ಜೊತೆಗೆ "ಮುಂದೆ ಮದುವೆ ನಾವೇ ನಿಂತು ಮಾಡಿಸ್ತೀವಿ" ಎಂಬ ಭರವಸೆ. ಅದು ಎಷ್ಟೋ ವರ್ಷ ಆಚೆಗೆ ತಳ್ಳಿದ ಸಂಬಳ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ್ದು ನಿಜ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ದೇಶದಾದ್ಯಂತ ನಿಷಿದ್ಧವಾಯಿತು. ಆದರೆ ಹದಿನೈದರವಳನ್ನು ಇಟ್ಟುಕೊಂಡ ಮನೆಯವರು "ನಾವು ತಿಂಗಳಿಗೆ ಇಷ್ಟು ಕೊಡ್ತೀವಿ, ಮಗಳ ಹಾಗೆ ನೋಡ್ಕೋತೀವಿ" ಎಂದರೆ ಅದು ನ್ಯಾಯವೇ? ನ್ಯೂಜೆರ್ಸಿಯ ಹುಡುಗಿಗೆ ಕೊಡುವುದಕ್ಕೆ ಪಾಕೆಟ್ ಮನಿ ಎಂಬ ಹೆಸರು, ಇವಳಿಗೆ ಕೊಡುವುದನ್ನು ಕಂಡರೆ ನಮಗೇಕೆ ಕಸಿವಿಸಿ? ಮೊತ್ತ ದೊಡ್ಡದಾದ ಮಾತ್ರಕ್ಕೆ ಆ ಕಸಿವಿಸಿ ಹೋಗುವುದಿಲ್ಲ. ಅಲ್ಲಿಯವಳು "ಈ ಶನಿವಾರ ಆಗಲ್ಲ ಆಂಟಿ, ಪರೀಕ್ಷೆ ಇದೆ" ಎನ್ನಬಲ್ಲಳು. ಎಂದಮೇಲೂ ಅವಳ ರಾತ್ರಿಯ ಊಟಕ್ಕೆ, ಸೋಮವಾರದ ಶಾಲೆಗೆ ಧಕ್ಕೆಯಿಲ್ಲ. ಇವಳಿಗೆ ಆಗಲ್ಲ ಎನ್ನುವ ಜಾಗವೇ ಇಲ್ಲ. ಬೇಡವೆನ್ನಲು ಆಗದವಳಿಗೆ ಎಷ್ಟು ಕೊಟ್ಟರೂ ಅದು ನ್ಯಾಯವಾದ ದರವಾಗದು. ಅಲ್ಲಿ ಕೇಳಬೇಕಾದದ್ದು ಎಷ್ಟು ಎಂದಲ್ಲ, ಅವಳು ಇಲ್ಲೇಕಿದ್ದಾಳೆ ಎಂದು.

ಬೇಡವೆನ್ನಬಲ್ಲಳೇ ಎಂಬ ಈ ಅಳತೆಯನ್ನು ಅಮೆರಿಕಕ್ಕೆ ಒಯ್ದರೆ ಅಲ್ಲಿಯ ಕೆಲವು ಗೊಂದಲಗಳೂ ತಿಳಿಯಾಗುತ್ತವೆ. ಆಸ್ಪತ್ರೆಯಲ್ಲಿ ಪಾಳಿಯಲ್ಲಿ ದುಡಿಯುವ, ತಾನೇ ಕನಿಷ್ಠ ವೇತನದ ಅಂಚಿನಲ್ಲಿರುವ ತಾಯಿಯಿಂದ ಗಂಟೆಗೆ 15 ಡಾಲರ್ ಕೇಳುವುದು ಹೇಗೆ? ತೆರಿಗೆ ಕಳೆದು ಅವಳ ಕೈಗೇ ಅಷ್ಟು ಬರುವುದಿಲ್ಲ. ಅವಳು "ನನ್ನಿಂದ ಎಂಟೇ ಆಗೋದು, ನಿನಗೆ ಒಪ್ಪಿಗೆಯಾ" ಎಂದು ಮೊದಲೇ ಕೇಳಿ, ಹುಡುಗಿ ಮುಲಾಜಿಲ್ಲದೆ ಇಲ್ಲವೆನ್ನಲು ದಾರಿ ಬಿಟ್ಟರೆ, ಆ ಎಂಟರಲ್ಲಿ ನಾನು ಅನ್ಯಾಯ ಕಾಣೆ. ಎರಡು ಸಂಬಳದ ಮನೆಯವರು ಏನೂ ಮಾತಾಡದೆ ಕೊನೆಗೆ ತುರುಕುವ ಹನ್ನೆರಡಕ್ಕಿಂತ ಅದು ಮೇಲು. ಆದರೆ ಕೊಡಬಲ್ಲವರಿಗೆ ನಾನು ತಮ್ಮ ರಾಜ್ಯದ ಕನಿಷ್ಠ ವೇತನವನ್ನೇ ತಳ ಎನ್ನುತ್ತೇನೆ. ಅದೇ ಹುಡುಗಿ ಮುಂದಿನ ವರ್ಷ ಐಸ್‌ಕ್ರೀಂ ಅಂಗಡಿಯಲ್ಲಿ ನಿಂತರೆ ಅವಳ ಹೊತ್ತಿಗೆ ಅಪರಿಚಿತರು ಕೊಡುವುದು ಅಷ್ಟನ್ನು. ಪರಿಚಯದವರು ಅದಕ್ಕಿಂತ ಇಳಿಯುವುದಕ್ಕೆ ಕಾರಣವಿಲ್ಲ.

ಮಗು ಮಲಗಿದ ಮೇಲೆ ಅವಳು ಫೋನು ನೋಡುತ್ತಾ ಕೂರುತ್ತಾಳೆ, ಅದಕ್ಕೂ ದುಡ್ಡೇ ಎಂಬ ತಕರಾರು ಸಾಮಾನ್ಯ. ಹೌದು, ಅದಕ್ಕೂ. ಅವಳು ಎದ್ದು ಮನೆಗೆ ಹೋಗುವ ಹಾಗಿಲ್ಲ, ಗೆಳತಿಯರನ್ನು ಕರೆಯುವ ಹಾಗಿಲ್ಲ. ಮಗು ಕೆಮ್ಮಿದರೆ ಓಡಬೇಕು. ಎರಡು ಮಕ್ಕಳಿದ್ದರೆ, ಕೈಗೂಸಿದ್ದರೆ, ಮಧ್ಯರಾತ್ರಿ ದಾಟಿದರೆ ದರ ಏರಬೇಕು. ಹೇಳಿದ ಹೊತ್ತಿಗಿಂತ ತಡವಾಗಿ ಬರುವವರ ವಿಷಯದಲ್ಲಿ ನೀಝಿ-ರುಸ್ಟಿಕಿನಿಯರದೇ ಇನ್ನೊಂದು ಅಧ್ಯಯನವಿದೆ. ಹೈಫಾದ ಶಿಶುಪಾಲನಾ ಕೇಂದ್ರಗಳಲ್ಲಿ ತಡವಾಗಿ ಬಂದ ಪೋಷಕರಿಗೆ ಸಣ್ಣ ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಾದರು, ದಂಡ ತೆಗೆದಮೇಲೂ ಕಡಿಮೆಯಾಗಲಿಲ್ಲ. ಐದು ಡಾಲರ್ ಜಾಸ್ತಿ ಕೊಟ್ಟು ಅವಳ ಒಂದು ಗಂಟೆ ನಿದ್ದೆ ಕೊಂಡೆವೆಂದು ಅಂದುಕೊಳ್ಳುವವರು ಇದನ್ನು ನೆನೆಯಬೇಕು. ಕೊನೆ ಗಳಿಗೆಯಲ್ಲಿ ಕಾರ್ಯಕ್ರಮ ರದ್ದಾದರೆ ಅರ್ಧವಾದರೂ ಕೊಡಬೇಕು, ಅವಳು ಆ ಸಂಜೆಯನ್ನು ನಮಗೆಂದು ಕಾದಿಟ್ಟಿದ್ದಾಳೆ. ಇದೆಲ್ಲವನ್ನೂ ಕರೆಯುವಾಗಲೇ, ಫೋನಿನಲ್ಲೇ, ಅಂಕಿಯಲ್ಲಿ ಹೇಳಿಬಿಡಬೇಕು.

ಹಣ ಕೊಡುವುದು ಅವಳ ಕೈಗೇ ಇರಲಿ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕ ಅವಳ ಅಮ್ಮನ ಕೈಗೆ ತುರುಕಿದರೆ, ಆ ಅಮ್ಮ ಸಂಕೋಚದಿಂದ "ಅಯ್ಯೋ, ನಮ್ಮ ಹುಡುಗಿ ತಾನೇ, ಏನೂ ಬೇಡ ಕಣ್ರೀ" ಎಂದು ಮರಳಿಸುತ್ತಾರೆ. ನಾಲ್ಕು ಗಂಟೆ ಕೂತವಳು ಮಗಳು, ಬೇಡವೆಂದದ್ದು ಅಮ್ಮ.