ಲಿಂಕನ್ ನಗರದ ಕವಾಯತು ಮಂದಿರ

ಇಂಗ್ಲೆಂಡಿನ ಲಿಂಕನ್ ನಗರದಲ್ಲಿರುವ ಹಳೆಯ ಕವಾಯತು ಮಂದಿರದ ಚರಿತ್ರೆಯು ಪುರಸಭೆಗಳ ಭಾರವನ್ನು ಹೊತ್ತ ಮಹನೀಯರೆಲ್ಲರೂ ಅರಿಯತಕ್ಕದ್ದೆಂದು ನಾವು ಭಾವಿಸುತ್ತೇವೆ. ಯಂತ್ರಗಳ ಕಾರ್ಖಾನೆಯ ಒಡೆಯರಾದ ಜೋಸೆಫ್ ರಸ್ಟನ್ನರು 1890ರಲ್ಲಿ ಸ್ವಂತ ದ್ರವ್ಯದಿಂದ ಇದನ್ನು ಊರಿನ ಸ್ವಯಂಸೇವಕ ಸೈನಿಕರಿಗಾಗಿ ಕಟ್ಟಿಸಿದರು. ಪರರಾಷ್ಟ್ರದ ದಂಡು ಏರಿ ಬಂದೀತೆಂದು ಇವರು ಇಲ್ಲಿ ಬಂದೂಕು ಹಿಡಿದು ಸಿದ್ಧರಾಗುತ್ತಿದ್ದರು. ವೈರಿಯು ಬಂದದ್ದಾದರೋ ನಲ್ಲಿಯ ನೀರಿನಲ್ಲಿ! 1904-05ರ ಚಳಿಗಾಲದಲ್ಲಿ, ವಿದಮ್ ನದಿಯಿಂದ ತೆಗೆದು ಸಾಕಷ್ಟು ಶೋಧಿಸದೆ ಹರಿಸಿದ ನೀರಿನಿಂದ ವಿಷಮಶೀತಜ್ವರವು ಹಬ್ಬಿತು. ಸಾವಿರಕ್ಕೂ ಹೆಚ್ಚು ಜನರು ಹಾಸಿಗೆ ಹಿಡಿದರು. ನೂರಕ್ಕೆ ಮೀರಿ ಅಸುನೀಗಿದರು. ಆಗ ಕವಾಯತಿನ ಮಂದಿರವೇ ಆಸ್ಪತ್ರೆಯಾಯಿತು. ನಮ್ಮ ಅಭಿಪ್ರಾಯದಲ್ಲಿ ಅದು ಸಲ್ಲಿಸಿದ ಅತ್ಯುತ್ತಮ ಸೇವೆ ಇದೇ. ಆದರೆ ಅಂಥ ಸೇವೆಯು ಅವಶ್ಯವಾದುದೇ ಆಡಳಿತದ ಲೋಪ. ಮಂದಿರವನ್ನು ದಾನಿಯೊಬ್ಬರು ಕಟ್ಟಿಸಿಕೊಡಬಹುದು, ನೀರನ್ನು ಶೋಧಿಸುವ ಹೊಣೆಯು ದಾನಿಗಳದಲ್ಲ. 1905ರಲ್ಲಿ ಡಾಕ್ಟರ್ ಹೂಸ್ಟನ್ನರು ನೀರಿಗೆ ಕ್ಲೋರಿನ್ ದ್ರಾವಣವನ್ನು ಬೆರೆಸುವ ಕ್ರಮವನ್ನು ಆರಂಭಿಸಿದರು. ಬೇರೆ ಸೀಮೆಯ ಶುದ್ಧಜಲವು ಊರಿಗೆ ಬಂದದ್ದು ಮಾತ್ರ 1911ರಲ್ಲಿ. ಮಂದಿರವು 2004ರಲ್ಲಿ ನಾಟಕ, ಸಂಗೀತಗಳ ರಂಗಮಂದಿರವಾಗಿ ತೆರೆಯಿತು. ಮಂಚಗಳನ್ನು ಹಾಕಿದ್ದ ನೆಲದ ಮೇಲೆ ಪ್ರೇಕ್ಷಕರು ಕುಳಿತರು.