ಕೆಲಸ ಕೊಡಿಸುವವರಿಗೆ ಸಂಬಳ ಕೊಡೋದು ಯಾರು?

‘ರಿಕ್ರೂಟರ್ ಬೇಕಾಗಿದ್ದಾರೆ. ಯಾವುದೇ ಪದವಿ ಸಾಕು. ಸಂಬಳದ ಜೊತೆ ಇನ್ಸೆಂಟಿವ್, ಗಳಿಕೆಗೆ ಮಿತಿಯಿಲ್ಲ.’ ಇಂಥ ಮೆಸೇಜು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತೆ. ಬೆಂಗಳೂರಲ್ಲಿ ಕೂತು ಓದಿದರೆ ಇದೊಂದು ಮಾಮೂಲಿ ಜಾಹೀರಾತು. ಬಳ್ಳಾರಿಯಲ್ಲಿ ಕೂತು ಓದಿದರೆ ಒಂದು ಪ್ರಶ್ನೆ ಏಳುತ್ತೆ: ಮಿತಿಯಿಲ್ಲದ ಈ ದುಡ್ಡು ಬರೋದಾದರೂ ಎಲ್ಲಿಂದ?

ಲೆಕ್ಕ ಹಾಕೋಣ. ಒಂದು ಹುದ್ದೆ ತುಂಬಿಸಿಕೊಟ್ಟರೆ ಕಂಪನಿಯವರು ಕನ್ಸಲ್ಟೆನ್ಸಿಗೆ ಸಾಮಾನ್ಯವಾಗಿ ಕೊಡೋದು ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33. ಅಂದರೆ ಒಂದು ತಿಂಗಳ ಸಂಬಳ. ಬೆಂಗಳೂರಲ್ಲಿ ವರ್ಷಕ್ಕೆ 12 ಲಕ್ಷದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನ ಸೇರಿಸಿದರೆ ಒಂದು ಲಕ್ಷ. ಬಳ್ಳಾರಿಯಲ್ಲಿ ತಿಂಗಳಿಗೆ 15,000ದ ಬಿಲ್ಲಿಂಗ್ ಹುಡುಗಿಯನ್ನ ಸೇರಿಸಿದರೆ ಹದಿನೈದು ಸಾವಿರ. ಎರಡಕ್ಕೂ ಮಾಡೋ ಫೋನು ಅಷ್ಟೇ, ನೋಡೋ ರೆಸ್ಯುಮೆ ಅಷ್ಟೇ, ‘ಇಂಟರ್‌ವ್ಯೂಗೆ ಬರ್ತೀನಿ’ ಅಂತ ಹೇಳಿ ಕೈಕೊಡೋರೂ ಅಷ್ಟೇ. ಸೇರಿದವರು ಮೂರು ತಿಂಗಳೊಳಗೆ ಬಿಟ್ಟರೆ ಎಷ್ಟೋ ಒಪ್ಪಂದಗಳಲ್ಲಿ ಇನ್ನೊಬ್ಬರನ್ನ ಪುಕ್ಕಟೆ ಹುಡುಕಿಕೊಡಬೇಕು. ಆ ಹದಿನೈದು ಸಾವಿರದಲ್ಲೇ ಮಳಿಗೆ ಬಾಡಿಗೆ, ಜಾಬ್ ಪೋರ್ಟಲ್ ಚಂದಾ, ಫೋನ್ ಮಾಡೋ ಹುಡುಗರ ಸಂಬಳ ಎಲ್ಲಾ ಏಳಬೇಕು.

ಹಾಗಾಗಿ ಕೆಲಸ ಕೊಡಿಸುವವರ ಸಂಬಳ ಆ ಊರಿನ ಸಂಬಳಕ್ಕಿಂತ ಬಹಳ ಮೇಲೆ ಹೋಗೋಕೆ ಸಾಧ್ಯವೇ ಇಲ್ಲ. ಅದರ ಮೇಲೆ ಮಾರುಕಟ್ಟೆಯೂ ಚಿಕ್ಕದು. ಸಿರುಗುಪ್ಪದ ರೈಸ್‌ಮಿಲ್ಲಿಗೆ ಹಮಾಲರು ಬೇಕಾದರೆ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಆಯ್ತು. ಬಳ್ಳಾರಿಯ ಜೀನ್ಸ್ ಯೂನಿಟ್‌ಗೆ ಟೈಲರ್ ಬೇಕಾದರೆ ಒಳಗಿರೋ ಟೈಲರ್ ತನ್ನ ಭಾವಮೈದುನನ್ನ ಕರ್ಕೊಂಡು ಬರ್ತಾನೆ. ಅಲ್ಲಿ ಕನ್ಸಲ್ಟೆನ್ಸಿಗೆ ಜಾಗವೇ ಇಲ್ಲ. ಉಳಿಯೋದು ಆಸ್ಪತ್ರೆ, ಖಾಸಗಿ ಶಾಲೆ, ಶೋರೂಂ, ಫೈನಾನ್ಸ್ ಕಂಪನಿ, ಮತ್ತೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಇರೋ ಗುತ್ತಿಗೆದಾರರು.

ಇಷ್ಟರಲ್ಲಿ ಹೊಟ್ಟೆ ತುಂಬದಿದ್ದಾಗ ಕೈ ಹೋಗೋದು ಕೆಲಸ ಕೇಳಿಕೊಂಡು ಬಂದವರ ಜೇಬಿಗೆ. ರಿಜಿಸ್ಟ್ರೇಶನ್ ಅಂತ ಐನೂರು, ‘ಫೈಲ್ ಮೂವ್’ ಮಾಡೋಕೆ ಎರಡು ಸಾವಿರ, ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಅರ್ಧ. ಸಿರುಗುಪ್ಪದಿಂದ ಡಿಪ್ಲೊಮಾ ಸರ್ಟಿಫಿಕೇಟ್ ಹಿಡಿದು ಬರೋ ಹುಡುಗ ಬಸ್‌ಚಾರ್ಜೂ ಸೇರಿಸಿ ಇದನ್ನೆಲ್ಲಾ ಸಾಲ ಮಾಡಿ ಕೊಡ್ತಾನೆ. ಎಲ್ಲರೂ ಹೀಗೆ ಮಾಡ್ತಾರೆ ಅಂತಲ್ಲ. ಆದರೆ ಹೀಗೆ ಮಾಡದವರು ಹೀಗೆ ಮಾಡುವವರ ಜೊತೆ ಪೈಪೋಟಿ ಮಾಡಬೇಕಲ್ಲ, ಅದೇ ಸಮಸ್ಯೆ.

ಈಗ ವಿಚಿತ್ರ ನೋಡಿ. ಅದೇ ಹುಡುಗನನ್ನ ದುಬೈಗೆ ಕಳಿಸಬೇಕಾದರೆ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವನಿಂದ ತಗೊಳ್ಳೋ ಸೇವಾಶುಲ್ಕ ಜಿಎಸ್‌ಟಿ ಬಿಟ್ಟು 30,000 ರೂಪಾಯಿ ದಾಟಬಾರದು ಅಂತ ನಿಯಮ ಇದೆ. ಸಿರುಗುಪ್ಪದಿಂದ ತೋರಣಗಲ್ಲಿಗೆ ಕಳಿಸೋಕೆ ಅಂಥ ಕೇಂದ್ರ ಲೈಸೆನ್ಸೂ ಇಲ್ಲ, ಶುಲ್ಕಕ್ಕೆ ಮಿತಿಯೂ ಇಲ್ಲ. ಖಾಸಗಿ ಉದ್ಯೋಗ ಏಜೆನ್ಸಿಗಳು ಕಾರ್ಮಿಕರಿಂದ ಶುಲ್ಕ ಪಡೆಯಬಾರದು ಅನ್ನೋದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ ಒಡಂಬಡಿಕೆಯ ಮೂಲ ನಿಯಮ. ಭಾರತ ಅದಕ್ಕೆ ಸಹಿ ಹಾಕಿ ಒಪ್ಪಿಲ್ಲ.

ಇನ್ನು ಗುತ್ತಿಗೆ ಮೇಲೆ ಜನ ಒದಗಿಸೋ ಏಜೆನ್ಸಿಗಳ ಕಥೆ ಬೇರೆ. ಅವರಿಗೆ ಪ್ರತಿ ತಿಂಗಳೂ ಕೂಲಿ ಬಿಲ್ಲಿನ ಮೇಲೆ ಇಂತಿಷ್ಟು ಪರ್ಸೆಂಟ್. ಕೆಲಸಗಾರ ಕಾಯಂ ಆದ ದಿನ ಆ ಪರ್ಸೆಂಟ್ ನಿಂತುಹೋಗುತ್ತೆ. ಹಾಗಿದ್ದ ಮೇಲೆ ಅವನು ಕಾಯಂ ಆಗಲಿ ಅಂತ ಏಜೆನ್ಸಿ ಯಾಕೆ ಬಯಸುತ್ತೆ? ಇತ್ತ ಒಮ್ಮೆ ಶುಲ್ಕ ತಗೊಂಡ ಕನ್ಸಲ್ಟೆನ್ಸಿಗೆ ಆ ಮೂರು ತಿಂಗಳು ಮುಗಿದ ಮೇಲೆ ಹುಡುಗ ಕೆಲಸ ಬಿಟ್ಟರೆ ಅದೇ ಹುದ್ದೆಗೆ ಮತ್ತೆ ಶುಲ್ಕ. ಒಬ್ಬರಿಗೆ ಅವನು ಗುತ್ತಿಗೆಯಲ್ಲೇ ಉಳಿದರೆ ಲಾಭ, ಇನ್ನೊಬ್ಬರಿಗೆ ಬಿಟ್ಟು ಹೋದರೆ ಲಾಭ. ಅವನು ನೆಮ್ಮದಿಯಾಗಿ ಹತ್ತು ವರ್ಷ ದುಡಿದರೆ ಇಬ್ಬರಿಗೂ ಏನೂ ಇಲ್ಲ.

‘ಹಾಗಂತ ಪುಕ್ಕಟೆ ಕೆಲಸ ಮಾಡಬೇಕೇನ್ರಿ?’ ಅಂತ ಕೇಳ್ತಾರೆ. ಖಂಡಿತ ಬೇಡ. ದುಡ್ಡು ತಗೊಳ್ಳಿ, ಜಾಸ್ತಿನೇ ತಗೊಳ್ಳಿ, ಆದರೆ ಕಂಪನಿಯಿಂದ ತಗೊಳ್ಳಿ. ಅರ್ಧ ಸೇರಿದಾಗ, ಇನ್ನರ್ಧ ಅಭ್ಯರ್ಥಿ ಒಂದು ವರ್ಷ ಪೂರೈಸಿದಾಗ. ಆಗ ನೋಡಿ, ಕುರುಗೋಡಿನ ಹುಡುಗಿಗೆ ಬಳ್ಳಾರಿಯ ಶೋರೂಂ ಕೆಲಸ ಹೇಳೋ ಮುಂಚೆ, ರಾತ್ರಿ ಬಾಗಿಲು ಹಾಕಿದ ಮೇಲೆ ಆಕೆ ವಾಪಸ್ ಹೋಗೋದು ಹೇಗೆ ಅಂತ ಕನ್ಸಲ್ಟೆಂಟೇ ವಿಚಾರಿಸ್ತಾನೆ. ಸಿರುಗುಪ್ಪದ ಹುಡುಗ ಬಳ್ಳಾರಿ ಹಾದು ಅಷ್ಟು ದೂರ ಓಡಾಡಿ ನೈಟ್ ಶಿಫ್ಟ್ ಮಾಡೋಕಾಗಲ್ಲ, ರೂಮು ಮೊದಲು ನೋಡಬೇಕು ಅಂತ ಅವನಿಗೇ ಹೊಳೆಯುತ್ತೆ.

ಈ ವೃತ್ತಿಗೆ ಭವಿಷ್ಯ ಅಂತ ಇದ್ದರೆ ಅದು ಇಲ್ಲೇ ಇದೆ. ರೆಸ್ಯುಮೆ ಜರಡಿ ಹಿಡಿಯೋದನ್ನ ಸಾಫ್ಟ್‌ವೇರ್ ಈಗಾಗಲೇ ಮಾಡ್ತಿದೆ, ಅದನ್ನಷ್ಟೇ ಬಲ್ಲವರ ಸಂಬಳ ಏರೋದು ಕಷ್ಟ. ಆದರೆ ಬಸ್ಸು, ಶಿಫ್ಟು, ರೂಮು, ಮನೆಯವರ ಒಪ್ಪಿಗೆ ಇವೆಲ್ಲಾ ಊರು ಗೊತ್ತಿದ್ದವರಿಗೆ ಮಾತ್ರ ಗೊತ್ತು. ಬಳ್ಳಾರಿ ಬೇರೆ ಒಂದೇ ಕಂಬದ ಮೇಲೆ ನಿಂತ ಊರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಹಿಂದೆ ಬದುಕಿದ್ದ ಲಾರಿ, ಗ್ಯಾರೇಜು, ಹೋಟೆಲು ಎಲ್ಲಾ ಹೊಡೆತ ತಿಂದವು. ಮತ್ತೆ ಅಂಥ ದಿನ ಬಂದರೆ ಜನ ಫೋನ್ ಮಾಡೋದು ನಂಬಿಕೆ ಉಳಿಸಿಕೊಂಡ ಕನ್ಸಲ್ಟೆಂಟ್‌ಗೇ ಹೊರತು, ಐನೂರು ಕಿತ್ತು ಫೋನ್ ಎತ್ತದವನಿಗಲ್ಲ.

ಸರ್ಕಾರ ಕಾನೂನು ತರಲಿ ಅಂತ ಕಾಯೋದು ಬೇಡ. ಕೆಲವು ಕೆಲಸ ನಿಮ್ಮಿಂದಲೇ ಆಗುತ್ತೆ. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟೋ ಜನ ಎಚ್‌ಆರ್‌ನಲ್ಲಿದ್ದೀರಿ, ಕನ್ಸಲ್ಟೆನ್ಸಿಗಳ ಜೊತೆ ಒಪ್ಪಂದಕ್ಕೆ ಸಹಿ ಹಾಕೋರು ನೀವೇ. ‘ಅಭ್ಯರ್ಥಿಯಿಂದ ಒಂದು ರೂಪಾಯಿ ತಗೊಂಡರೂ ಒಪ್ಪಂದ ರದ್ದು’ ಅಂತ ಒಂದು ಸಾಲು ಸೇರಿಸಿ. ಸೇರಿದ ಮೊದಲ ದಿನ ಹೊಸಬರನ್ನ ಪಕ್ಕಕ್ಕೆ ಕರೆದು ‘ಯಾರಿಗಾದರೂ ದುಡ್ಡು ಕೊಟ್ರಾ?’ ಅಂತ ಕೇಳಿ. ಶುಲ್ಕದಲ್ಲಿ ಚೌಕಾಸಿ ಮಾಡಿ ಶೇ 8.33ನ್ನ ಐದಕ್ಕೆ ಇಳಿಸಿದ್ದನ್ನ ಉಳಿತಾಯ ಅಂತ ಬಾಸ್‌ಗೆ ತೋರಿಸಬೇಡಿ. ನೀವು ಉಳಿಸಿದ ಆ ಮೂರು ಚಿಲ್ಲರೆ ಪರ್ಸೆಂಟನ್ನ ಸಿರುಗುಪ್ಪದಲ್ಲಿ ಯಾರೋ ಸಾಲ ಮಾಡಿ ಕಟ್ಟಿರ್ತಾರೆ.

ರಿಕ್ರೂಟರ್ ಆಗೋಕೆ ಹೊರಟವರಿಗೂ ಒಂದು ಮಾತು. ಇಂಟರ್‌ವ್ಯೂ ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯಾ?’ ಅಂತ ಕೇಳ್ತಾರಲ್ಲ, ಆಗ ಕೇಳಿ: ನನ್ನ ಇನ್ಸೆಂಟಿವ್ ಕೊಡೋದು ಕಂಪನಿಯೋ, ಕೆಲಸ ಕೇಳ್ಕೊಂಡು ಬಂದವರೋ? ಉತ್ತರ ತಡವರಿಸಿದರೆ ಎದ್ದು ಬನ್ನಿ.